ಮನೆಯ ಹಳೇ .32 ಪಿಸ್ತೂಲಿಗೆ ಹೊಂದುವ ಮ್ಯಾಗಜಿನ್ ಹುಡುಕುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ತೋಟದ ಮನೆಗಳಲ್ಲಿ, ಮೈಸೂರು ಬೆಂಗಳೂರಿನ ಕೆಲವು ಹಳೇ ಕುಟುಂಬಗಳಲ್ಲಿ ಇವತ್ತಿಗೂ ತಾತನ ಕಾಲದ ಒಂದು .32 ಪಿಸ್ತೂಲು ಇರುತ್ತದೆ (.32 ಅನ್ನುವುದು ಕ್ಯಾಲಿಬರ್, ಅಂದರೆ ಗುಂಡಿನ ದಪ್ಪದ ಅಳತೆ). ವೆಬ್ಲಿ, ಕೋಲ್ಟ್, ಬ್ರೌನಿಂಗ್, ವಾಲ್ಥರ್, ಇಲ್ಲವೇ ಹೆಸರೇ ಕೇಳದ ಸ್ಪೇನ್ ದೇಶದ ಯಾವುದೋ ಒಂದು. ಪಿಸ್ತೂಲಿನ ಉಕ್ಕು ಗಟ್ಟಿ. ನೂರು ವರ್ಷ ಆದರೂ ಸಾಮಾನ್ಯವಾಗಿ ಅದಕ್ಕೆ ಹೆಚ್ಚೇನೂ ಆಗಿರುವುದಿಲ್ಲ. ಕೈಕೊಡುವುದು ಮ್ಯಾಗಜಿನ್. ಗುಂಡು ತುಂಬಿ ಹಿಡಿಯೊಳಗೆ ಹಾಕುವ, ತೆಳು ತಗಡಿನ ಆ ಡಬ್ಬಿ ತುಕ್ಕು ಹಿಡಿಯುತ್ತದೆ, ನೆಗ್ಗುತ್ತದೆ, ಕಳೆದೇ ಹೋಗುತ್ತದೆ. ಅದಿಲ್ಲದಿದ್ದರೆ ಅಷ್ಟು ಚೆಂದದ ಪಿಸ್ತೂಲೂ ಒಂದೊಂದೇ ಗುಂಡು ತುಂಬುವ ಕಬ್ಬಿಣದ ತುಂಡು, ಅಷ್ಟೇ.

ನಮ್ಮಲ್ಲಿ ಇದು ಇನ್ನೂ ಕಷ್ಟ. 1980ರ ದಶಕದ ಮಧ್ಯದಿಂದ ಖಾಸಗಿಯವರು ಹೊರದೇಶದ ಪಿಸ್ತೂಲು ತರಿಸಿಕೊಳ್ಳುವುದಕ್ಕೆ ಬಿಗಿಯಾದ ನಿರ್ಬಂಧ ಇದೆ. ಹಾಗಾಗಿ ದೇಶದೊಳಗೆ ಮೊದಲೇ ಬಂದು ಕೂತ ಸಾಮಾನು ಮಾತ್ರ ಕೈಯಿಂದ ಕೈಗೆ ಓಡಾಡುತ್ತಿದೆ. ಸಿಕ್ಕಿದ್ದನ್ನು ಬಾಚಿಕೊಳ್ಳುವ ಆತುರದಲ್ಲಿ ಜನ ಹೊಂದದ ಮ್ಯಾಗಜಿನ್‌ಗೆ ದುಡ್ಡು ಸುರಿಯುತ್ತಾರೆ. ಹಾಗೆ ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ನಾನು ಹೇಳುವ ಮುಖ್ಯ ಮಾತು ಎರಡು. ಮ್ಯಾಗಜಿನ್ನನ್ನು ಹೆಸರು ನೋಡಿ ಕೊಳ್ಳಬೇಡಿ, ಅಳತೆ ನೋಡಿ ಕೊಳ್ಳಿ. ಇನ್ನೊಂದು, ಹಳೆಯದು ಎಷ್ಟೇ ಹಾಳಾಗಿದ್ದರೂ ಎಸೆಯಬೇಡಿ.

ಇದೆಲ್ಲ ಲೈಸೆನ್ಸ್ ಇರುವವರಿಗೆ, ಇಲ್ಲವೇ ಕಾನೂನಿನಲ್ಲೇ ವಿನಾಯಿತಿ ಇರುವವರಿಗೆ. ಅಪ್ಪ ತೀರಿಕೊಂಡ ಮೇಲೆ ಪಿಸ್ತೂಲು ಇನ್ನೂ ಅವರ ಹೆಸರಲ್ಲೇ ಇದ್ದರೆ ಮೊದಲು ವಾರಸುದಾರರ ಹೆಸರಿಗೆ ಲೈಸೆನ್ಸ್ ಮಾಡಿಸಿಕೊಳ್ಳಿ. ಅಲ್ಲಿಯವರೆಗೆ ಅದನ್ನು ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಗನ್ ಹೌಸ್‌ನಲ್ಲೋ ಡೆಪಾಸಿಟ್ ಇಡಿ. ಮ್ಯಾಗಜಿನ್ ವಿಚಾರ ಆಮೇಲೆ.

ಹಂತ 1: ಪಿಸ್ತೂಲು ಖಾಲಿ ಇದೆ ಅಂತ ಖಚಿತ ಮಾಡಿಕೊಳ್ಳಿ

ಇದನ್ನು ಓದದೆ ದಾಟಬೇಡಿ. ಮ್ಯಾಗಜಿನ್ ತೆಗೆದ ಕೂಡಲೇ ಪಿಸ್ತೂಲು ಖಾಲಿ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಅದು ತಪ್ಪು. ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗದಲ್ಲಿ, ಒಂದು ಗುಂಡು ಹಾಗೇ ಕೂತಿರಬಹುದು.

ಪಿಸ್ತೂಲಿನ ಬಾಯಿ ಗೋಡೆಯ ಕಡೆ, ಯಾರೂ ಇಲ್ಲದ ದಿಕ್ಕಿಗೆ ಇರಲಿ. ಬೆರಳು ಟ್ರಿಗರ್‌ನಿಂದ ಹೊರಗಿರಲಿ. ಮೊದಲು ಮ್ಯಾಗಜಿನ್ ತೆಗೆಯಿರಿ. ಆಮೇಲೆ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಪೂರ್ತಿ ಹಿಂದಕ್ಕೆ ಎಳೆದು ಚೇಂಬರ್ ಕಣ್ಣಿಂದ ನೋಡಿ, ಕಿರುಬೆರಳಿಂದ ಮುಟ್ಟಿಯೂ ನೋಡಿ. ಈ ಕ್ರಮ ತಿರುಗಾಮುರುಗಾ ಆಗಬಾರದು. ಮ್ಯಾಗಜಿನ್ ಒಳಗಿರುವಾಗ ಸ್ಲೈಡ್ ಎಳೆದು ಬಿಟ್ಟರೆ ಹೊಸ ಗುಂಡು ಚೇಂಬರಿಗೆ ಏರುತ್ತದೆ.

ಎಫ್‌ಎನ್ ಬ್ರೌನಿಂಗ್ 1910ರಂಥ ಕೆಲವು ಪಿಸ್ತೂಲುಗಳಲ್ಲಿ ಮ್ಯಾಗಜಿನ್ ಹೊರಗಿದ್ದರೆ ಗುಂಡು ಹಾರದಂತೆ ತಡೆಯುವ ಸೇಫ್ಟಿ ಇದೆ. ಆದರೆ ನೂರು ವರ್ಷದ ಸ್ಪ್ರಿಂಗ್ ನಂಬಿ ಜೀವ ಪಣಕ್ಕಿಡಬಾರದು. ಎಷ್ಟೋ ಹಳೇ ಪಿಸ್ತೂಲುಗಳಲ್ಲಿ ಆ ಸೇಫ್ಟಿ ಇರುವುದೇ ಇಲ್ಲ.

ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಬನ್ನಿ. ಮುಂದೆ ಹೇಳುವ ಯಾವ ಪರೀಕ್ಷೆಗೂ ಮನೆಯಲ್ಲಿ ನಿಜವಾದ ಗುಂಡು ಬೇಡ.

ಹಂತ 2: ಕಾನೂನು ಎಲ್ಲಿ ಅಡ್ಡ ಬರುತ್ತದೆ ಅಂತ ತಿಳಿದುಕೊಳ್ಳಿ

1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಶಸ್ತ್ರ ಅಂದರೆ ಅದರ ಭಾಗಗಳೂ ಸೇರುತ್ತವೆ. ಹಾಗಾಗಿ ಮ್ಯಾಗಜಿನ್ನನ್ನು ಮೊಬೈಲ್ ಕವರ್ ತರಿಸಿದ ಹಾಗೆ ತರಿಸುವಂತಿಲ್ಲ. ಶಸ್ತ್ರ ತಯಾರಿಕೆ, ಮಾರಾಟ, ರಿಪೇರಿಗೆ ಲೈಸೆನ್ಸ್ ಬೇಕು. ಹೊರದೇಶದಿಂದ ತರಿಸುವುದಕ್ಕೆ ಬೇರೆಯೇ ಆಮದು ಲೈಸೆನ್ಸ್ ಬೇಕು. ಊರಿನ ಲೇತ್ ಅಂಗಡಿಯಲ್ಲಿ ತಗಡು ಬಗ್ಗಿಸಿ ಮ್ಯಾಗಜಿನ್ ಮಾಡಿಸುವುದು ಈ ಕಾರಣಕ್ಕೇ ಬೇಡ. ಹಾಗೆ ಮಾಡಿಸಿದ್ದು ನೆಟ್ಟಗೆ ಕೆಲಸ ಮಾಡುವುದೂ ಇಲ್ಲ.

ಒಂದು ಮಾತು ಒತ್ತಿ ಹೇಳಬೇಕು. ಅಮೆರಿಕದಲ್ಲಿರುವ ಮಗನಿಗೋ ಅಳಿಯನಿಗೋ "ಬರುವಾಗ ಒಂದು ಮ್ಯಾಗಜಿನ್ ತಗೊಂಡು ಬಾ" ಅಂತ ದಯವಿಟ್ಟು ಹೇಳಬೇಡಿ. ಅಲ್ಲಿ ಇದು ಅಂಗಡಿಯಲ್ಲಿ ಸಲೀಸಾಗಿ ಸಿಗುತ್ತದೆ, ನಿಜ. ಟ್ರಿಪಲ್ ಕೆ ಅನ್ನುವ ಕಂಪನಿ ಹಳೇ ಪಿಸ್ತೂಲುಗಳಿಗೇ ಮ್ಯಾಗಜಿನ್ ಮಾಡುತ್ತದೆ. ಇಟಲಿಯ ಮೆಕ್‌ಗಾರ್ ಮಾಡುವ ವಾಲ್ಥರ್ ಪಿಪಿಕೆ ಮ್ಯಾಗಜಿನ್ ಕೂಡ ಸಿಗುತ್ತದೆ. ಆದರೆ ಅದನ್ನು ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಬಂದರೆ ಆ ದೇಶದ ರಫ್ತು ಕಾನೂನನ್ನೂ ನಮ್ಮ ದೇಶದ ಆಮದು ಕಾನೂನನ್ನೂ ಒಟ್ಟಿಗೆ ಮುರಿದ ಹಾಗೆ. ಎಕ್ಸ್‌ರೇಯಲ್ಲಿ ಮ್ಯಾಗಜಿನ್ ಆಕಾರ ಚೆನ್ನಾಗಿಯೇ ಕಾಣುತ್ತದೆ. ಒಂದು ತಗಡಿನ ಡಬ್ಬಿಗೋಸ್ಕರ ಹುಡುಗ ವಿಮಾನ ನಿಲ್ದಾಣದಲ್ಲಿ ಕೇಸು ಹಾಕಿಸಿಕೊಳ್ಳಬಾರದು, ಅಲ್ವಾ? ತರಿಸಲೇಬೇಕು ಅಂದರೆ ಲೈಸೆನ್ಸ್ ಇರುವ ಡೀಲರ್ ಮೂಲಕ ಕೇಳಿ ನೋಡಿ.

ಕೊಡಗಿನವರಿಗೆ ಒಂದು ಮಾತು. ಕೊಡವರಿಗೂ ಜಮ್ಮಾ (ಕೊಡಗಿನ ಹಳೇ ಪದ್ಧತಿಯ ಭೂಮಿ) ಹಿಡುವಳಿದಾರರಿಗೂ ಕೋವಿಯ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಆದರೆ ಆ ವಿನಾಯಿತಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಆಮದಿಗಲ್ಲ, ತಯಾರಿಕೆಗೂ ಅಲ್ಲ.

ಇನ್ನು "ಅದೇ ಮಾಡೆಲ್‌ನ ಕೆಟ್ಟ ಪಿಸ್ತೂಲು ಕೊಂಡು ಮ್ಯಾಗಜಿನ್ ತೆಗೆದುಕೊಂಡರಾಯಿತು" ಅನ್ನುವ ಯೋಚನೆ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಶಸ್ತ್ರ. ಕೆಟ್ಟ ಪಿಸ್ತೂಲೂ ಆ ಲೆಕ್ಕಕ್ಕೆ ಬರುತ್ತದೆ. ಬಂದೂಕು ಒಂದು, ಪಿಸ್ತೂಲು ಒಂದು ಇರುವವರಿಗೆ ಆ ದಾರಿ ಮುಚ್ಚಿದೆ.

ಹಂತ 3: ನಿಮ್ಮ ಪಿಸ್ತೂಲು ನಿಜವಾಗಿ ಯಾವುದು?

ಹೆಚ್ಚಿನವರು ಎಡವುವುದು ಇಲ್ಲೇ. ಲೈಸೆನ್ಸ್ ಪುಸ್ತಕದಲ್ಲಿ ".32 ಪಿಸ್ತೂಲು, ಬ್ರೌನಿಂಗ್" ಅಂತ ಇರುತ್ತದೆ, ಒಂದು ನಂಬರ್ ಇರುತ್ತದೆ. ಅಷ್ಟರಿಂದ ಮ್ಯಾಗಜಿನ್ ಹುಡುಕಲು ಆಗುವುದಿಲ್ಲ. ಬ್ರೌನಿಂಗ್ ಅನ್ನುವುದು ವಿನ್ಯಾಸ ಮಾಡಿದವರ ಹೆಸರು. ಜಾನ್ ಬ್ರೌನಿಂಗ್ ಬೆಲ್ಜಿಯಂನ ಎಫ್‌ಎನ್ ಕಂಪನಿಗೂ ವಿನ್ಯಾಸ ಮಾಡಿದರು, ಅಮೆರಿಕದ ಕೋಲ್ಟ್‌ಗೂ ಮಾಡಿದರು. ಎರಡರ ಮ್ಯಾಗಜಿನ್ನೂ ಬೇರೆ ಬೇರೆ.

ಹಾಗಾಗಿ ಪಿಸ್ತೂಲನ್ನೇ ಓದಿ. ಬೆಳಕಿನ ಕೆಳಗೆ ಹಿಡಿದು, ಒಂದು ಭೂತಗನ್ನಡಿ ತಗೊಂಡು, ಸ್ಲೈಡಿನ ಎರಡೂ ಕಡೆಯ ಬರಹವನ್ನು ಅಕ್ಷರ ಬಿಡದೆ ಬರೆದುಕೊಳ್ಳಿ.

ಎಡಗಡೆ "ಫ್ಯಾಬ್ರಿಕ್ ನಾಸಿಯೋನಾಲ್ ... ಎರ್ಸ್ಟಾಲ್ ಬೆಲ್ಜಿಕ್" ಅಂತ ಫ್ರೆಂಚ್‌ನಲ್ಲಿದ್ದರೆ ಅದು ಎಫ್‌ಎನ್. ಅದರಲ್ಲೂ 1910 ಮತ್ತು 1922 ಅಂತ ಎರಡು ಹೆಚ್ಚಾಗಿ ಬರುತ್ತವೆ. 1922 ಅಂದರೆ 1910ನ್ನೇ ಉದ್ದ ಮಾಡಿದ್ದು. ನಳಿಗೆ ಉದ್ದ, ಹಿಡಿಯೂ ಉದ್ದ. ನಳಿಗೆಯ ತುದಿಯಲ್ಲಿ ಸ್ಲೈಡಿಗೆ ಸೇರಿಸಿದ ಒಂದು ತುಂಡು ಕಂಡರೆ ಅದು 1922. .32ರಲ್ಲಿ 1910ಕ್ಕೆ 7 ಗುಂಡಿನ ಮ್ಯಾಗಜಿನ್, 1922ಕ್ಕೆ 9 ಗುಂಡಿನದು. ಎರಡರಲ್ಲೂ ಕ್ಯಾಚ್, ಅಂದರೆ ಮ್ಯಾಗಜಿನ್ ಬೀಳದಂತೆ ಹಿಡಿದಿಡುವ ಕೊಂಡಿ, ಹಿಡಿಕೆಯ ತಳದಲ್ಲಿದೆ. 1910ರ ಗಿಡ್ಡ ಮ್ಯಾಗಜಿನ್ 1922ರಲ್ಲಿ ಮೇಲಕ್ಕೆ ಹೋದರೆ ಕ್ಯಾಚ್‌ಗೆ ಸಿಗುವುದೇ ಇಲ್ಲ. ಅಂದಹಾಗೆ 1914ರಲ್ಲಿ ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನ ಮೇಲೆ ಗುಂಡು ಹಾರಿದ್ದು ಇದೇ 1910 ಮಾಡೆಲ್‌ನಿಂದ. ಅದು .380 ಕ್ಯಾಲಿಬರಿನದು.

ಬಲಗಡೆ "ಆಟೋಮ್ಯಾಟಿಕ್ ಕೋಲ್ಟ್, ಕ್ಯಾಲಿಬರ್ 32 ರಿಮ್‌ಲೆಸ್ ಸ್ಮೋಕ್‌ಲೆಸ್" ಅಂತ ಇದ್ದರೆ ಅದು ಕೋಲ್ಟ್ 1903. ಹೊರಗೆ ಹ್ಯಾಮರ್ (ಗುಂಡು ಹಾರಲು ಹಿಂದಿನಿಂದ ಪೆಟ್ಟು ಕೊಡುವ ಭಾಗ) ಕಾಣುವುದಿಲ್ಲ, ಮೈಯೆಲ್ಲ ನುಣುಪು. 1903ರಿಂದ 1945ರವರೆಗೆ ಸುಮಾರು 5,70,000 ತಯಾರಾದವು. ಹಾಗಾಗಿ ಹಳೇ ಪಿಸ್ತೂಲುಗಳ ಪೈಕಿ ಇದರ ಮ್ಯಾಗಜಿನ್ ಸಿಗುವ ಸಾಧ್ಯತೆ ಜಾಸ್ತಿ. 8 ಗುಂಡು ಹಿಡಿಯುತ್ತದೆ. ಮೋಸ ಹೋಗುವುದು ಇದರ ತಮ್ಮ 1908ರ ವಿಚಾರದಲ್ಲಿ. ಅದೂ ನೋಡಲು ಹಾಗೇ, ಆದರೆ .380. ಅದರ ಮ್ಯಾಗಜಿನ್ 7 ಗುಂಡಿನದು. ಮ್ಯಾಗಜಿನ್ ತಳದಲ್ಲಿ ಕ್ಯಾಲಿಬರ್ ಕೆತ್ತಿರುತ್ತಾರೆ, ಅದನ್ನು ನೋಡದೆ ಕೊಳ್ಳಬೇಡಿ.

ಬರ್ಮಿಂಗ್‌ಹ್ಯಾಮ್‌ನ ವೆಬ್ಲಿ ಆಂಡ್ ಸ್ಕಾಟ್ .32 ಬ್ರಿಟಿಷರ ಜೊತೆಗೇ ನಮ್ಮಲ್ಲಿಗೆ ಬಂದದ್ದು. ಚಪ್ಪಟೆ ಮೈ, ಚೌಕ ಮೂತಿ, ಹಿಂದೆ ಹ್ಯಾಮರ್ ಹೊರಗೇ ಕಾಣುತ್ತದೆ. 1911ರಲ್ಲಿ ಲಂಡನ್ ಪೊಲೀಸರು ಇದನ್ನೇ ತೆಗೆದುಕೊಂಡರು. ಇದರದ್ದು 8 ಗುಂಡಿನ ಮ್ಯಾಗಜಿನ್. ಬೇರೆ ಯಾವ ಕಂಪನಿಯದೂ ಇದಕ್ಕೆ ಸರಿಹೋಗುತ್ತದೆ ಅಂತ ನಂಬಬೇಡಿ.

ವಾಲ್ಥರ್ ಪಿಪಿ ಬಂದದ್ದು 1929ರಲ್ಲಿ, ಗಿಡ್ಡನೆಯ ಪಿಪಿಕೆ ಅದರ ಬೆನ್ನಿಗೇ ಬಂತು. .32ರಲ್ಲಿ ಪಿಪಿಗೆ 8, ಪಿಪಿಕೆಗೆ 7. ಇವೆರಡರಲ್ಲಿ ಸಾಮಾನ್ಯವಾಗಿ ಕ್ಯಾಚ್ ಟ್ರಿಗರ್ ಹಿಂದಿನ ಗುಂಡಿ. ಗುಂಡಿ ಕೂರುವ ತೂತು ಮ್ಯಾಗಜಿನ್ನಿನ ಮೇಲ್ಭಾಗದಲ್ಲಿ ಇರುವುದರಿಂದ ಪಿಪಿಯ ಉದ್ದ ಮ್ಯಾಗಜಿನ್ ಪಿಪಿಕೆಯಲ್ಲಿ ಕೂರಬಹುದು, ಕೆಳಗೆ ಸ್ವಲ್ಪ ಹೊರಗೆ ಉಳಿಯುತ್ತದೆ. ಪಿಪಿಕೆಯದು ಪಿಪಿಗೆ ಗಿಡ್ಡವಾಗುತ್ತದೆ. ಯುದ್ಧದ ನಂತರ ಫ್ರಾನ್ಸಿನ ಮನುರಿನ್ ಕಂಪನಿ ಲೈಸೆನ್ಸ್ ಪಡೆದು ಇದೇ ಪಿಸ್ತೂಲು ಮಾಡಿತು, ಅದರ ಮ್ಯಾಗಜಿನ್ನೂ ಹುಡುಕಾಟದ ಪಟ್ಟಿಯಲ್ಲಿರಲಿ. ಬೇರೆ ದೇಶಗಳಲ್ಲಿ ಪಿಪಿಯನ್ನು ನೋಡಿ ಮಾಡಿದ ನಕಲುಗಳ ಮ್ಯಾಗಜಿನ್ ಮಾತ್ರ, ಹಾಕಿ ನೋಡದೆ ಬೇಡ.

ಎಲ್ಲಕ್ಕಿಂತ ಪಾಠ ಕಲಿಸುವುದು ಸ್ಪೇನಿನ ರೂಬಿ ಮಾದರಿಯ ಪಿಸ್ತೂಲುಗಳು. ಮೊದಲ ಮಹಾಯುದ್ಧದಲ್ಲಿ ಫ್ರೆಂಚ್ ಸೇನೆಗೆ ಪಿಸ್ತೂಲು ಸಾಲದೆ 1915ರಲ್ಲಿ ಸ್ಪೇನಿನ ಗಾಬಿಲೊಂಡೊ ಕಂಪನಿಗೆ ಆರ್ಡರ್ ಕೊಟ್ಟರು. ಒಂದೇ ಕಂಪನಿಯ ಕೈಲಿ ಆಗದೆ ಬಾಸ್ಕ್ ಪ್ರಾಂತ್ಯದ ಹತ್ತಾರು ಕಾರ್ಖಾನೆಗಳು ಅದನ್ನೇ ಮಾಡಲು ಶುರುಮಾಡಿದವು. ಎಲ್ಲವೂ 7.65 ಮಿ.ಮೀ., ಅಂದರೆ .32 ಕ್ಯಾಲಿಬರಿನವೇ, ದೂರದಿಂದ ನೋಡಿದರೆ ಅವಳಿಗಳು. ಆದರೆ ಒಬ್ಬರ ಮ್ಯಾಗಜಿನ್ ಇನ್ನೊಬ್ಬರದಕ್ಕೆ ಕೂರುತ್ತಿರಲಿಲ್ಲ. ಯುದ್ಧಭೂಮಿಯಲ್ಲಿ ಇದರಿಂದ ಗೋಳಾಗಿ, ಕೊನೆಗೆ ಯಾವ ಕಾರ್ಖಾನೆ ಅಂತ ತಿಳಿಯಲು ಚೌಕಟ್ಟಿನ ಹಿಂಬದಿಯ ಎಡಗಡೆ ಮೊಟ್ಟೆಯಾಕಾರದೊಳಗೆ ಅಕ್ಷರಗಳನ್ನು ಒತ್ತಿಸಿದರು, ಮ್ಯಾಗಜಿನ್ ತಳದಲ್ಲೂ ಅವೇ ಅಕ್ಷರ. ನಿಮ್ಮದು ಸ್ಪೇನಿನ ಪಿಸ್ತೂಲಾದರೆ ಮೊದಲು ಆ ಗುರುತು ಇದೆಯಾ ನೋಡಿ. ಇದ್ದರೆ ಅದೇ ಅಕ್ಷರದ ಮ್ಯಾಗಜಿನ್ ಹುಡುಕಿ.

ಇದೆಲ್ಲದರ ಜೊತೆಗೆ ನಮ್ಮ ಆರ್ಡ್‌ನೆನ್ಸ್ ಕಾರ್ಖಾನೆಗಳ ಅಶನಿ .32 ಇದೆ. ಅದು ನಿಮ್ಮದಾದರೆ ಚಿಂತೆ ಕಡಿಮೆ. ಡೀಲರ್ ಮೂಲಕ ಕಾರ್ಖಾನೆಯದ್ದನ್ನೇ ಕೇಳಿ.

ಕ್ಯಾಲಿಬರ್ ಬಗ್ಗೆಯೂ ಒಮ್ಮೆ ನೋಡಿಕೊಳ್ಳಿ. ನಮ್ಮಲ್ಲಿ .32 ರಿವಾಲ್ವರ್ ಇದೆ, .32 ಪಿಸ್ತೂಲೂ ಇದೆ. ಎರಡರ ಗುಂಡು ಬೇರೆ. ರಿವಾಲ್ವರಿನದು ಅಗಲ ಅಂಚಿನ ಉದ್ದ ಗುಂಡು, ಪಿಸ್ತೂಲಿಗೆ ಬೇಕಾದದ್ದು 7.65 ಮಿ.ಮೀ. ಅಂತಲೂ ಕರೆಯುವ .32 ಎಸಿಪಿ. "ಮ್ಯಾಗಜಿನ್ ಸರಿಯಿಲ್ಲ, ಗುಂಡು ಒಳಗೇ ಹೋಗ್ತಿಲ್ಲ" ಅನ್ನುವವರ ಡಬ್ಬಿಯಲ್ಲಿ ರಿವಾಲ್ವರಿನ ಗುಂಡು ಇಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಬೇಕು.

ಹಂತ 4: ಹಳೇ ಮ್ಯಾಗಜಿನ್ನನ್ನು ಉಳಿಸಲು ನೋಡಿ

ಹೊಸದು ಹುಡುಕುವ ಮೊದಲು ಇರುವುದನ್ನು ಸರಿಯಾಗಿ ನೋಡಿ. ಎಷ್ಟೋ ಸಲ ಅದಕ್ಕೆ ಬೇಕಾದದ್ದು ಸ್ವಚ್ಛತೆ, ಒಂದು ಹೊಸ ಸ್ಪ್ರಿಂಗ್, ಅಷ್ಟೇ.

ಮ್ಯಾಗಜಿನ್‌ನಲ್ಲಿ ಇರುವುದು ನಾಲ್ಕೈದು ಭಾಗ. ತಗಡಿನ ಮೈ, ಮೇಲೆ ಒಳಕ್ಕೆ ಮಡಿಸಿದ ಎರಡು ಅಂಚು, ಗುಂಡನ್ನು ಎತ್ತುವ ಫಾಲೋವರ್, ಅದರ ಕೆಳಗೆ ಸ್ಪ್ರಿಂಗ್, ಕೊನೆಗೆ ತಳದ ತಟ್ಟೆ. ಪ್ರಾಣ ಇರುವುದು ಮೇಲಿನ ಅಂಚಿನಲ್ಲಿ. ಗುಂಡು ಎಷ್ಟು ಎತ್ತರದಲ್ಲಿ, ಯಾವ ಕೋನದಲ್ಲಿ ನಿಲ್ಲಬೇಕು, ಯಾವ ಕ್ಷಣದಲ್ಲಿ ಬಿಡುಗಡೆ ಆಗಬೇಕು ಅನ್ನುವುದನ್ನು ಅದು ತೀರ್ಮಾನಿಸುತ್ತದೆ. ಕಾಲು ಮಿಲಿಮೀಟರ್ ಹೆಚ್ಚುಕಡಿಮೆ ಆದರೂ ಪಿಸ್ತೂಲು ಸಿಕ್ಕಿಕೊಳ್ಳುತ್ತದೆ.

ಒಂದು ಕೋಲಿನಿಂದ ಫಾಲೋವರ್ ಒತ್ತಿ ಬಿಡಿ. ಪೆನ್ಸಿಲ್ಲಿನ ಹಿಂಬದಿ ಸಾಕು. ತಡೆಯಿಲ್ಲದೆ ಇಳಿದು ಪಟಕ್ಕನೆ ಮೇಲೆ ಬಂದರೆ ಒಳ್ಳೆಯದು. ನಡುವೆ ಎಲ್ಲೋ ನಿಂತರೆ ಒಳಗೆ ತುಕ್ಕು, ನೆಗ್ಗು, ಇಲ್ಲವೇ ಗಟ್ಟಿಯಾದ ಎಣ್ಣೆ ಇದೆ ಅಂತ ಅರ್ಥ. ನಮ್ಮ ಮನೆಗಳಲ್ಲಿ ಇದಕ್ಕೊಂದು ವಿಶೇಷ ಕಾರಣ ಇದೆ. ಆಯುಧ ಪೂಜೆಯ ದಿನ ಪಿಸ್ತೂಲಿಗೆ ಕುಂಕುಮ, ಅರಿಶಿನ, ವಿಭೂತಿ ಹಚ್ಚುತ್ತೇವೆ, ತೆಂಗಿನೆಣ್ಣೆ ಒರೆಸುತ್ತೇವೆ. ಅದು ಮ್ಯಾಗಜಿನ್ ಬಾಯಿಯಿಂದ ಒಳಗಿಳಿದು, ವರ್ಷಗಟ್ಟಲೆ ಕೂತು, ಸ್ಪ್ರಿಂಗಿಗೆ ಅಂಟಿನ ಹಾಗೆ ಮೆತ್ತಿಕೊಂಡಿರುತ್ತದೆ. ಪೂಜೆ ಮಾಡಿ, ಆದರೆ ಮ್ಯಾಗಜಿನ್ ಬಾಯಿಗೆ ಒಂದು ಬಟ್ಟೆ ಮುಚ್ಚಿ. ಬೊಟ್ಟು ಹಿಡಿಯ ಮೇಲೆ ಇಟ್ಟರೆ ಸಾಕು.

ತಳದ ತಟ್ಟೆ ಕೆಲವದರಲ್ಲಿ ಜಾರಿಸಿ ತೆಗೆಯಲು ಬರುತ್ತದೆ, ಕೆಲವದರಲ್ಲಿ ಪಿನ್ ಹೊಡೆದು ಕೂರಿಸಿರುತ್ತಾರೆ. ಕೋಲ್ಟ್ 1903ರದು ಪಿನ್ ಹೊಡೆದದ್ದು. ಅಂಥದನ್ನು ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಬೇಡಿ, ಮೈ ಹರಿಯುತ್ತದೆ. ಫಾಲೋವರ್ ಒತ್ತಿ ಹಿಡಿದು ಸೀಮೆಎಣ್ಣೆಯಿಂದಲೋ ಗನ್ ಕ್ಲೀನರ್‌ನಿಂದಲೋ ತೊಳೆದು, ಪೂರ್ತಿ ಒಣಗಿಸಿ. ಜಾರುವ ತಟ್ಟೆಯಾದರೆ ಹೆಬ್ಬೆರಳು ಅಡ್ಡ ಇಟ್ಟೇ ತೆಗೆಯಿರಿ, ಇಲ್ಲದಿದ್ದರೆ ಸ್ಪ್ರಿಂಗ್ ಕಣ್ಣಿಗೆ ಹಾರುತ್ತದೆ. ಒಳಗೆ ಎಣ್ಣೆ ಸುರಿಯಬೇಡಿ. ಎಣ್ಣೆ ಒರೆಸಿದ ಬಟ್ಟೆಯಿಂದ ಒಮ್ಮೆ ಸವರಿದರೆ ಆಯಿತು. ಜಾಸ್ತಿ ಎಣ್ಣೆ ಗುಂಡಿನ ಪ್ರೈಮರ್‌ಗೆ (ಬುಡದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಭಾಗ) ಇಳಿದರೆ ಗುಂಡು ಹಾರದೇ ಇರಬಹುದು.

ಸ್ಪ್ರಿಂಗ್ ಮೆತ್ತಗಾಗಿದ್ದರೆ, ಮೈ ನೆಗ್ಗಿದ್ದರೆ, ಲೈಸೆನ್ಸ್ ಇರುವ ಗನ್‌ಸ್ಮಿತ್ ಬಳಿ ಒಯ್ಯಿರಿ. ಒಳಗೆ ಸರಿಯಾದ ಅಚ್ಚು ಕೊಟ್ಟು ನೆಗ್ಗು ತೆಗೆಯುವುದು ಅವರಿಗೆ ಸುಲಭ. ಮೇಲಿನ ಅಂಚು ಅಗಲವಾಗಿದ್ದರೂ ಅವರೇ ಒತ್ತಲಿ. ಇಕ್ಕಳ ಹಿಡಿದು ಮನೆಯಲ್ಲಿ ಒತ್ತಲು ಹೋದರೆ ಹಳೇ ತಗಡು ಬಿರುಕು ಬಿಡುತ್ತದೆ. ಅಂಚಿನಲ್ಲಿ ಬಿರುಕು ಕಂಡರೆ ಮಾತ್ರ ಆ ಮ್ಯಾಗಜಿನ್ ಇನ್ನು ಬಳಕೆಗೆ ಬೇಡ. ಆದರೂ ಎಸೆಯಬೇಡಿ. ಮುಂದಿನ ಹಂತಕ್ಕೆ ಅದೇ ಬೇಕು.

ಹಂತ 5: ಅಳತೆ ತೆಗೆಯಿರಿ

ಒಂದು ಡಿಜಿಟಲ್ ವರ್ನಿಯರ್ ಕ್ಯಾಲಿಪರ್ ತಗೊಳ್ಳಿ. ಹಳೇ ಮ್ಯಾಗಜಿನ್ನಿನ ಅಗಲ, ಮುಂದಿನಿಂದ ಹಿಂದಿನವರೆಗಿನ ದಪ್ಪ, ಒಟ್ಟು ಉದ್ದ ಬರೆದುಕೊಳ್ಳಿ. ಆಮೇಲೆ ಎಲ್ಲಕ್ಕಿಂತ ಮುಖ್ಯವಾದ ಅಳತೆ: ಮೇಲಿನ ಅಂಚಿನಿಂದ ಕ್ಯಾಚ್ ಹಿಡಿಯುವ ಜಾಗದವರೆಗಿನ ದೂರ. ಗುಂಡು ಚೇಂಬರಿಗೆ ಎಷ್ಟು ಎತ್ತರದಲ್ಲಿ ಎದುರಾಗುತ್ತದೆ ಅನ್ನುವುದು ಇದರಿಂದಲೇ. ಅಂಚುಗಳ ನಡುವಿನ ಬಾಯಿ ಮುಂದೆ ಎಷ್ಟು, ಹಿಂದೆ ಎಷ್ಟು ಅಂತಲೂ ನೋಡಿ. ಬದಿಯಿಂದ, ಮೇಲಿಂದ, ತಳದಿಂದ ಫೋಟೊ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇಡಿ.

ಮ್ಯಾಗಜಿನ್ ಪೂರ್ತಿ ಕಳೆದುಹೋಗಿದ್ದರೆ ಹಿಡಿಯೊಳಗಿನ ಅಳತೆ ತೆಗೆಯಿರಿ. ಕ್ಯಾಚ್ ಎಲ್ಲಿದೆ, ತಳದಲ್ಲೋ ಟ್ರಿಗರ್ ಹಿಂದೆಯೋ, ಅದನ್ನೂ ಬರೆಯಿರಿ. ಇದೊಂದರಿಂದಲೇ ಅರ್ಧದಷ್ಟು ತಪ್ಪು ಮ್ಯಾಗಜಿನ್ ಹೊರಗುಳಿಯುತ್ತವೆ.

.32 ಮತ್ತು .380 ಗೊಂದಲಕ್ಕೆ ಕಾರಣವನ್ನೂ ಹೇಳಿಬಿಡುತ್ತೇನೆ. ಎರಡೂ ಗುಂಡಿನ ಒಟ್ಟು ಉದ್ದ ಸುಮಾರು 25 ಮಿ.ಮೀ., ಎರಡರ ಹಿತ್ತಾಳೆ ಕೋಶದ ಉದ್ದ ಸುಮಾರು 17 ಮಿ.ಮೀ. ವ್ಯತ್ಯಾಸ ಇರುವುದು ದಪ್ಪದಲ್ಲಿ. .32ರ ಮೈ ಬುಡದಲ್ಲಿ ಸುಮಾರು 8.5 ಮಿ.ಮೀ., .380ರದು ಸುಮಾರು 9.5. ಉದ್ದ ಒಂದೇ ಆದ್ದರಿಂದ ಒಂದೇ ಚೌಕಟ್ಟಿನಲ್ಲಿ ಎರಡೂ ಕ್ಯಾಲಿಬರ್ ಮಾಡಿದರು, ಮ್ಯಾಗಜಿನ್ ಹೊರಗಿನಿಂದ ಒಂದೇ ಥರ ಕಾಣುತ್ತದೆ. .380ರ ಮ್ಯಾಗಜಿನ್‌ಗೆ .32 ತುಂಬಿದರೆ ಬಾಯಿ ಅಗಲವಾಗಿ ಗುಂಡು ಸಡಿಲವಾಗುತ್ತದೆ, ಮೇಲಕ್ಕೆ ಹಾರಿ ಬರಲೂಬಹುದು.

ಹಂತ 6: ಹುಡುಕಾಟ

ಮೊದಲ ಜಾಗ ನಿಮ್ಮ ಮನೆಯೇ. ಗಾಡ್ರೇಜ್ ಬೀರುವಿನ ಒಳ ಡ್ರಾಯರ್, ಹಳೇ ಟ್ರಂಕು, ತಾತನ ಬ್ರೀಚೆಸ್ ಜೇಬು, ಚರ್ಮದ ಹೋಲ್‌ಸ್ಟರ್‌ನ ಪಕ್ಕದ ಪುಟ್ಟ ಜೇಬು. ಅಂದಿನ ಎಷ್ಟೋ ಹೋಲ್‌ಸ್ಟರ್‌ಗಳಲ್ಲಿ ಎರಡನೇ ಮ್ಯಾಗಜಿನ್‌ಗೆ ಅಂತಲೇ ಜಾಗ ಇರುತ್ತಿತ್ತು. ದೊಡ್ಡಪ್ಪ ಚಿಕ್ಕಪ್ಪಂದಿರ ಮನೆಯಲ್ಲೂ ಕೇಳಿ. ಆಸ್ತಿ ಭಾಗವಾದಾಗ ಪಿಸ್ತೂಲು ಒಂದು ಮನೆಗೆ, ಪೆಟ್ಟಿಗೆ ಇನ್ನೊಂದು ಮನೆಗೆ ಹೋಗಿರುತ್ತದೆ.

ಎರಡನೆಯದು ಹಳೇ ಗನ್ ಹೌಸ್‌ಗಳು. ಎರಡು ಮೂರು ತಲೆಮಾರಿನಿಂದ ನಡೆಯುತ್ತಿರುವ ಅಂಗಡಿಗಳನ್ನೇ ಆರಿಸಿ. ಅಲ್ಲಿ ಹಿಂದಿನ ಕೋಣೆಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿಯೊಂದರಲ್ಲಿ ಬಿಡಿಭಾಗಗಳು ಕಲಸುಮೇಲೋಗರವಾಗಿ ಬಿದ್ದಿರುತ್ತವೆ. ಮಾಲೀಕರಿಗೇ ಯಾವುದು ಯಾವುದರದು ಅಂತ ನೆನಪಿರುವುದಿಲ್ಲ. ನಿಮ್ಮ ಫೋಟೊ, ಅಳತೆ ಕೆಲಸಕ್ಕೆ ಬರುವುದು ಆಗಲೇ. ಬರೀ "ಬ್ರೌನಿಂಗ್ ಮ್ಯಾಗಜಿನ್ ಇದೆಯಾ?" ಅಂತ ಫೋನಿನಲ್ಲಿ ಕೇಳಿದರೆ "ಇಲ್ಲ ಸಾರ್" ಅನ್ನುವ ಉತ್ತರವೇ ಬರುತ್ತದೆ. ಹೀಗೆ ಕೇಳಿ: "ಸಾರ್, ಎಫ್‌ಎನ್ 1922, .32, 9 ಗುಂಡಿನದು, ಕ್ಯಾಚ್ ತಳದಲ್ಲಿ. ಅಳತೆ, ಫೋಟೊ ಕಳಿಸ್ತೀನಿ. ನಿಮ್ಮ ಡಬ್ಬಿಯಲ್ಲಿ ಒಮ್ಮೆ ನೋಡ್ತೀರಾ?" ಎದ್ದು ಹೋಗಿ ನೋಡುತ್ತಾರೆ.

ಬೇರೆ ರಾಜ್ಯದ ಡೀಲರ್‌ಗಳನ್ನೂ ಕೇಳಬಹುದು. ಆದರೆ ನಿಮ್ಮ ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರ ಇದ್ದರೆ ಪಿಸ್ತೂಲು ತೆಗೆದುಕೊಂಡು ಗಡಿ ದಾಟುವಂತಿಲ್ಲ. ಲೈಸೆನ್ಸ್ ಪುಸ್ತಕದಲ್ಲಿ ವ್ಯಾಪ್ತಿ ಎಷ್ಟು ಅಂತ ಮೊದಲು ಓದಿ. ಅಗತ್ಯ ಇದ್ದರೆ ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರ್ ಕಚೇರಿಯಲ್ಲಿ, ಜಿಲ್ಲೆಗಳಲ್ಲಿ ಡಿಸಿ ಕಚೇರಿಯಲ್ಲಿ ಕೇಳಿಕೊಂಡು ಮುಂದುವರಿಯಿರಿ.

ರೈಫಲ್ ಕ್ಲಬ್‌ಗಳ ಹಿರಿಯರು, ಗನ್‌ಸ್ಮಿತ್‌ಗಳು ಇನ್ನೊಂದು ದಾರಿ. ಯಾರ ಬಳಿ ಯಾವ ಪಿಸ್ತೂಲು ಇದೆ, ಯಾರು ಮಾರಿದರು, ಯಾವ ಅಂಗಡಿಗೆ ಹೋಯಿತು ಅನ್ನುವ ಲೆಕ್ಕ ಅವರ ತಲೆಯಲ್ಲಿರುತ್ತದೆ. ಅವರು ತೋರಿಸಿದ ಕಡೆ ಹೋದರೂ ವ್ಯವಹಾರ ಮಾತ್ರ ಡೀಲರ್ ಮೂಲಕ, ಬಿಲ್ ಸಮೇತ ಇರಲಿ.

ಹಂತ 7: ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ನೋಡಿ

ಖಾಲಿ ಪಿಸ್ತೂಲು, ಲೈಸೆನ್ಸ್ ಪುಸ್ತಕ, ಹಳೇ ಮ್ಯಾಗಜಿನ್ ಮೂರನ್ನೂ ಒಯ್ಯಿರಿ. ಅಂಗಡಿಯವರಿಗೆ ಮೊದಲೇ ಹೇಳಿ, ಅವರ ಎದುರಿಗೇ ಮತ್ತೊಮ್ಮೆ ಖಾಲಿ ಅಂತ ತೋರಿಸಿ.

ಎರಡು ಮ್ಯಾಗಜಿನ್ನನ್ನೂ ಅಕ್ಕಪಕ್ಕ ಹಿಡಿದು ಮೇಲಿನ ಅಂಚು, ಕ್ಯಾಚ್ ಜಾಗ ಹೋಲಿಸಿ. ಆಮೇಲೆ ಹಾಕಿ ನೋಡಿ. ಬಲ ಹಾಕದೆ ಒಳಗೆ ಹೋಗಬೇಕು, ಕ್ಯಾಚ್ ಟಕ್ ಅಂತ ಹಿಡಿಯಬೇಕು. ಹಿಡಿದ ಮೇಲೆ ತಳ ಹಿಡಿದು ಎಳೆದರೆ ಬರಬಾರದು. ಸ್ವಲ್ಪ ಅಲುಗಾಡಿದರೆ ಪರವಾಗಿಲ್ಲ, ಮೇಲೆ ಕೆಳಗೆ ಜಾರಿದರೆ ಬೇಡ. ತಳದ ಕ್ಯಾಚ್ ಇರುವ ಪಿಸ್ತೂಲಿನಲ್ಲಿ ಮ್ಯಾಗಜಿನ್ ತಾನಾಗಿ ಕೆಳಗೆ ಬೀಳುವುದಿಲ್ಲ, ಕೈಯಿಂದಲೇ ಎಳೆಯಬೇಕು. ಅದು ದೋಷ ಅಲ್ಲ.

ಡಮ್ಮಿ ಗುಂಡು ಇದೆಯಾ ಅಂತ ಅಂಗಡಿಯಲ್ಲಿ ಕೇಳಿ. ಮದ್ದು, ಪ್ರೈಮರ್ ಇಲ್ಲದ ತಾಲೀಮು ಗುಂಡು ಅದು. ನಿಜವಾದ ಗುಂಡು ಬಿಚ್ಚಿ ಅದನ್ನು ಮನೆಯಲ್ಲಿ ಮಾಡಿಕೊಳ್ಳಬೇಡಿ. ಡಮ್ಮಿ ತುಂಬಿ ಸ್ಲೈಡ್ ಪೂರ್ತಿ ಎಳೆದು ಒಮ್ಮೆಲೇ ಬಿಡಿ. ಕೈಯಲ್ಲಿ ಹಿಡಿದುಕೊಂಡು ನಿಧಾನಕ್ಕೆ ಬಿಟ್ಟರೆ ಒಳ್ಳೇ ಮ್ಯಾಗಜಿನ್ ಕೂಡ ಸಿಕ್ಕಿಕೊಳ್ಳುತ್ತದೆ, ಸುಮ್ನೆ ಅನುಮಾನ ಬರುತ್ತದೆ. ಕೊನೆಯ ಗುಂಡಿನವರೆಗೂ ನೋಡಿ. ಸ್ಪ್ರಿಂಗ್ ಸೋತಿದ್ದರೆ ಗೊತ್ತಾಗುವುದು ಕೊನೆಯ ಒಂದೆರಡರಲ್ಲಿ. ವಾಲ್ಥರ್ ಪಿಪಿಯಂಥದರಲ್ಲಿ ಕೊನೆಯ ಗುಂಡು ಹೋದ ಮೇಲೆ ಸ್ಲೈಡ್ ಹಿಂದೆಯೇ ನಿಲ್ಲಬೇಕು, ಅದನ್ನು ಎತ್ತುವುದು ಫಾಲೋವರೇ. ಕೋಲ್ಟ್ 1903, ಎಫ್‌ಎನ್ 1910ರಲ್ಲಿ ಆ ವ್ಯವಸ್ಥೆ ಇಲ್ಲ, ಹಾಗಾಗಿ ನಿಲ್ಲಲಿಲ್ಲ ಅಂತ ಮ್ಯಾಗಜಿನ್ನನ್ನು ದೂರಬೇಡಿ.

ಹಂತ 8: ರೇಂಜ್‌ನಲ್ಲಿ ಪರೀಕ್ಷೆ

ಅನುಮತಿ ಇರುವ ಶೂಟಿಂಗ್ ರೇಂಜ್‌ನಲ್ಲಿ ಮಾತ್ರ. ತೋಟದಲ್ಲಿ ಬೇಡ. ಮೊದಲು ಎರಡೇ ಗುಂಡು ತುಂಬಿ. ಹಳೇ ಪಿಸ್ತೂಲಿನ ಒಳಭಾಗ ಸವೆದಿದ್ದರೆ ಒಂದು ಒತ್ತಿಗೆ ಎರಡು ಹಾರುವ ಸಾಧ್ಯತೆ ಇರುತ್ತದೆ, ಅದನ್ನು ಪೂರ್ತಿ ಮ್ಯಾಗಜಿನ್‌ನೊಂದಿಗೆ ಕಂಡುಕೊಳ್ಳುವುದು ಅಪಾಯ. ಸರಿಹೋದರೆ ಪೂರ್ತಿ ತುಂಬಿ ನೋಡಿ.

ಸಿಕ್ಕಿಕೊಂಡರೆ ಹೇಗೆ ಸಿಕ್ಕಿಕೊಂಡಿತು ಅಂತ ಗಮನಿಸಿ. ಗುಂಡಿನ ಮೂತಿ ಕೆಳಗೆ ಬಾಗಿ ನಿಂತರೆ ಸ್ಪ್ರಿಂಗ್ ಸೋತಿರಬಹುದು. ಮೂತಿ ಮೇಲಕ್ಕೆ ಎದ್ದರೆ ಮ್ಯಾಗಜಿನ್ನಿನ ಮೇಲಿನ ಅಂಚು ಅಗಲವಾಗಿರಬಹುದು. ಸ್ಲೈಡ್ ಗುಂಡನ್ನು ಹಿಡಿಯದೆ ಮೇಲಿಂದ ದಾಟಿಹೋದರೆ ಮ್ಯಾಗಜಿನ್ ಕೆಳಗೆ ಕೂತಿದೆ, ಇಲ್ಲವೇ ಸ್ಪ್ರಿಂಗ್ ನಿಧಾನ. ಖಾಲಿ ಕೋಶ ಹೊರಗೆ ಹೋಗದೆ ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿ ಮ್ಯಾಗಜಿನ್ ತಪ್ಪಲ್ಲ. ಖಾಲಿ ಕೋಶವನ್ನು ಎಳೆದು ತೆಗೆಯುವ ಎಕ್ಸ್‌ಟ್ರ್ಯಾಕ್ಟರ್ ನೋಡಿ, ಹಳೇ ಗುಂಡಿನ ಬಲವನ್ನೂ ಅನುಮಾನಿಸಿ.

.32ಕ್ಕೇ ಅಂಟಿದ ಒಂದು ತೊಂದರೆ ಇದೆ. ಕೋಲ್ಟ್ ಮೇಲೆ ರಿಮ್‌ಲೆಸ್ ಅಂತ ಕೆತ್ತಿದ್ದರೂ ಈ ಗುಂಡಿನ ಹಿಂಬದಿಯ ಅಂಚು ಮೈಗಿಂತ ಸ್ವಲ್ಪ ಹೊರಗೆ ಚಾಚಿದೆ. ಅಂಚು ಸುಮಾರು 9.1 ಮಿ.ಮೀ., ಮೈ ಸುಮಾರು 8.5. ಮೇಲಿನ ಗುಂಡಿನ ಅಂಚು ಕೆಳಗಿನ ಗುಂಡಿನ ಅಂಚಿನ ಹಿಂದೆ ಸಿಕ್ಕಿಬಿಟ್ಟರೆ ಅದು ಮುಂದಕ್ಕೆ ಜರುಗುವುದೇ ಇಲ್ಲ, ಪಿಸ್ತೂಲು ಕಲ್ಲಿನಂತೆ ನಿಲ್ಲುತ್ತದೆ. ಮೂತಿ ಟೊಳ್ಳಾದ ಗಿಡ್ಡ ಗುಂಡುಗಳಲ್ಲಿ ಇದು ಜಾಸ್ತಿ, ಯಾಕಂದರೆ ಮ್ಯಾಗಜಿನ್ ಒಳಗೆ ಹಿಂದೆ ಮುಂದೆ ಜಾರಲು ಜಾಗ ಸಿಗುತ್ತದೆ. ತುಂಬುವಾಗ ಪ್ರತಿ ಗುಂಡಿನ ಅಂಚೂ ತನ್ನ ಕೆಳಗಿನದರ ಅಂಚಿಗಿಂತ ಮುಂದಿದೆಯಾ ಅಂತ ನೋಡಿ. ಹಳೇ ಪಿಸ್ತೂಲಿಗೆ ಉರುಟು ಮೂತಿಯ ಗುಂಡೇ ಒಳ್ಳೆಯದು. ಆ ಕಾಲದಲ್ಲಿ ಅದಕ್ಕೆಂದೇ ಮಾಡಿದ್ದು.

ಹಂತ 9: ಸಿಕ್ಕಿದ್ದನ್ನು ಕಾಪಾಡಿಕೊಳ್ಳಿ

ಮಲೆನಾಡಿನ ಮಳೆಗಾಲ ಮ್ಯಾಗಜಿನ್‌ಗೆ ದೊಡ್ಡ ಶತ್ರು. ಚರ್ಮದ ಹೋಲ್‌ಸ್ಟರ್ ಒಳಗೆ ಇಟ್ಟು ಬೀರುವಿಗೆ ಹಾಕಬೇಡಿ, ಚರ್ಮ ತೇವ ಹೀರಿಕೊಂಡು ತಗಡಿಗೆ ತುಕ್ಕು ಹಿಡಿಸುತ್ತದೆ. ತೆಳುವಾಗಿ ಎಣ್ಣೆ ಸವರಿ, ಒಣ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ತಿಂಗಳಿಗೊಮ್ಮೆ ತೆಗೆದು ನೋಡಿ. ಎರಡು ಮ್ಯಾಗಜಿನ್ ಇದ್ದರೆ ತಳದಲ್ಲಿ ಬಣ್ಣದಿಂದ 1, 2 ಅಂತ ಗುರುತು ಹಾಕಿ. ತೊಂದರೆ ಕೊಡುವುದು ಯಾವುದು ಅಂತ ಆಗ ಗೊತ್ತಾಗುತ್ತದೆ. ಕೆತ್ತಬೇಡಿ. ಮೂಲ ಗುರುತು ಇರುವ ಹಳೇ ಮ್ಯಾಗಜಿನ್‌ಗೆ ಅದರದೇ ಬೆಲೆ ಇದೆ.

ಕೊನೆಯದಾಗಿ ಚುನಾವಣೆ. ನೀತಿಸಂಹಿತೆ ಬಂದಾಗ ಶಸ್ತ್ರ ಡೆಪಾಸಿಟ್ ಮಾಡಿಸುತ್ತಾರೆ. ಪಿಸ್ತೂಲು ಕೊಟ್ಟು ರಸೀದಿ ತಗೊಂಡು ಬರುತ್ತೇವೆ, ರಸೀದಿಯಲ್ಲಿ ".32 ಪಿಸ್ತೂಲು 1" ಅಂತ ಮಾತ್ರ ಇರುತ್ತದೆ. ನೂರಾರು ಶಸ್ತ್ರಗಳ ನಡುವೆ ಮ್ಯಾಗಜಿನ್ ಬೇರೆಯಾದರೆ ಆಮೇಲೆ ಕೇಳಲು ದಾಖಲೆಯೇ ಇಲ್ಲ. ಹಾಗಾಗಿ ರಸೀದಿ ಬರೆಯುವವರಿಗೆ ವಿನಯದಿಂದಲೇ ಹೇಳಿ: "ಸಾರ್, ಮ್ಯಾಗಜಿನ್ ಎಷ್ಟು ಅಂತಲೂ ಬರೀರಿ, ತಳದಲ್ಲಿರೋ ಗುರುತು ಸಮೇತ." ಕೊಡುವ ಮೊದಲು ಪಿಸ್ತೂಲು, ಮ್ಯಾಗಜಿನ್ ಎರಡನ್ನೂ ಒಟ್ಟಿಗೆ ಫೋಟೊ ತೆಗೆದಿಡಿ. ಎರಡನೇ ಮ್ಯಾಗಜಿನ್ನೂ ಕೊಡಬೇಕಾ ಅಂತ ಅಲ್ಲೇ ಕೇಳಿಕೊಳ್ಳಿ. ವಾಪಸ್ ಪಡೆಯುವಾಗ ಸಹಿ ಹಾಕುವ ಮೊದಲು ಅದೇ ಮ್ಯಾಗಜಿನ್ ಹೌದಾ ಅಂತ ಫೋಟೊ ಜೊತೆ ಹೋಲಿಸಿ, ಪಿಸ್ತೂಲಿಗೆ ಹಾಕಿ, ಕ್ಯಾಚ್ ಹಿಡಿಯಿತಾ ನೋಡಿ, ಆಮೇಲೆ ಸಹಿ ಮಾಡಿ.